ಮೂರು ನಿಮಿಷದ ಸಂಗೀತಕ್ಕೆ ಎಷ್ಟು ದುಡಿಯಬೇಕು? ಲೆರಾಯ್ ಆಂಡರ್ಸನ್ ಬಗ್ಗೆ

ಚಿಕ್ಕದಾಗಿ, ಖುಷಿಯಾಗಿ ಬರೆದ ಸಂಗೀತವನ್ನು ಸಂಗೀತದ ಮಂದಿ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಗಂಟೆಯ ಸಿಂಫನಿ ಬರೆದವರಿಗೆ ಒಂದು ಮರ್ಯಾದೆ, ಮೂರು ನಿಮಿಷದ ತುಣುಕು ಬರೆದವರಿಗೆ ಇನ್ನೊಂದು. ಈ ತಾರತಮ್ಯ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಅಮೆರಿಕದ ಲೆರಾಯ್ ಆಂಡರ್ಸನ್ ಹೆಸರು ಹೇಳುತ್ತೇನೆ. ಅವರು ಬದುಕಿಡೀ ಬರೆದದ್ದು ಹೆಚ್ಚುಕಡಿಮೆ ಇಂಥ ತುಣುಕುಗಳನ್ನೇ. ಆದರೆ ಒಂದೊಂದರ ಹಿಂದೆಯೂ ಇರುವ ಕಲಿಕೆ, ತಾಳ್ಮೆ, ತನ್ನ ಮೇಲೆ ತಾನೇ ಹಾಕಿಕೊಂಡ ಕಟ್ಟುನಿಟ್ಟು ಇದೆಯಲ್ಲ, ಅದನ್ನು ತಿಳಿದುಕೊಂಡ ಮೇಲೆ ಆ ಮೂರು ನಿಮಿಷವನ್ನು ಸುಮ್ನೆ ಟೈಂಪಾಸ್ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅವರು ಹುಟ್ಟಿದ್ದು 1908ರ ಜೂನ್ 29ರಂದು, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಸ್ವೀಡನ್‌ನಿಂದ ವಲಸೆ ಬಂದವರು. ಅಪ್ಪನಿಗೆ ಅಂಚೆ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ, ಬಿಡುವಿನಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದರು. ಅಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮಗನಿಗೆ ಪಿಯಾನೋ ಹೇಳಿಕೊಟ್ಟ ಮೊದಲ ಗುರುವೂ ಅವರೇ. ಹನ್ನೆರಡು ವರ್ಷದ ಹೊತ್ತಿಗೆ ಹುಡುಗ ನಾಲ್ಕು ತಂತಿವಾದ್ಯಗಳಿಗೆ ಒಂದು ಮಿನುಯೆಟ್, ಅಂದರೆ ಹಳೆಯ ಕಾಲದ ಕುಣಿತದ ತುಣುಕು, ಬರೆದಿದ್ದ.

ಹಾರ್ವರ್ಡ್ ಮನೆಯ ಪಕ್ಕದಲ್ಲೇ ಇತ್ತು ಅನ್ನಬೇಕು, ಅದೇ ಊರಲ್ಲವೇ. ಅಲ್ಲಿ 1929ರಲ್ಲಿ ಬಿಎ, 1930ರಲ್ಲಿ ಎಂಎ. ಕಲಿಸಿದವರ ಹೆಸರು ಕೇಳಿದರೆ ಬೆರಗಾಗುತ್ತದೆ: ವಾಲ್ಟರ್ ಪಿಸ್ಟನ್, ಜಾರ್ಜ್ ಎನೆಸ್ಕು. ಸ್ವರಗಳನ್ನು ಒಟ್ಟೊಟ್ಟಿಗೆ ಹೊಂದಿಸುವ ವಿದ್ಯೆ, ಅಂದರೆ ಹಾರ್ಮನಿಯ ಬಗ್ಗೆ ಪಿಸ್ಟನ್ ಬರೆದ ಪಠ್ಯವನ್ನು ಪಾಶ್ಚಾತ್ಯ ಸಂಗೀತ ಕಲಿಯುವವರು ಇವತ್ತಿಗೂ ಓದುತ್ತಾರೆ. ಎನೆಸ್ಕು ರೊಮೇನಿಯಾದ ದೊಡ್ಡ ಪಿಟೀಲು ವಿದ್ವಾಂಸರು, ಸಂಯೋಜಕರು. ಅಂದರೆ ಈತ ಗಂಭೀರ ಸಂಗೀತವನ್ನು ಅರೆಬರೆ ಕಲಿತು, ಅದು ಕೈಹತ್ತದೆ ಸುಲಭದ ದಾರಿಗೆ ಇಳಿದವರಲ್ಲ. ಪೂರ್ತಿ ಕಲಿತೇ ಬಂದವರು.

ಕಲಿಕೆಯ ಜೊತೆಗೆ ಕೈಕೆಲಸವೂ ನಡೆದಿತ್ತು. ಹಾರ್ವರ್ಡ್ ಬ್ಯಾಂಡಿನ ನಿರ್ದೇಶಕ, ಚರ್ಚೊಂದರಲ್ಲಿ ಆರ್ಗನ್ ಮತ್ತು ಗಾಯನ ತಂಡದ ಉಸ್ತುವಾರಿ, ಬಾಸ್ಟನ್ ಸುತ್ತಮುತ್ತಲಿನ ಡ್ಯಾನ್ಸ್ ಬ್ಯಾಂಡುಗಳಲ್ಲಿ ಡಬಲ್ ಬೇಸ್. ಫುಟ್‌ಬಾಲ್ ಮೈದಾನದ ಬ್ಯಾಂಡಿಗೆ ಏನು ಬೇಕು, ಕುಣಿಯುವ ಜನಕ್ಕೆ ಏನು ಬೇಕು, ಕೈಮುಗಿದು ಕೂತ ಭಕ್ತರಿಗೆ ಏನು ಬೇಕು, ಈ ಮೂರನ್ನೂ ಒಂದೇ ವಾರದಲ್ಲಿ ಕಣ್ಣಾರೆ ನೋಡುತ್ತಿದ್ದ ಮನುಷ್ಯ. ಮುಂದೆ ಅವರು ಬರೆದದ್ದರಲ್ಲಿ ಈ ಮೂರರ ವಾಸನೆಯೂ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇಷ್ಟಾದರೂ ಸಂಗೀತದಿಂದ ಹೊಟ್ಟೆ ತುಂಬುತ್ತದೆ ಅನ್ನುವ ಧೈರ್ಯ ಅವರಿಗಿರಲಿಲ್ಲ. ಕಾಲ ಹೇಗಿತ್ತು ನೋಡಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ವರ್ಷಗಳು. ಹಾಗಾಗಿ ಅವರು ಭಾಷೆಗಳ ಕಡೆ ಹೊರಳಿದರು. ಮನೆಮಾತು ಸ್ವೀಡಿಷ್ ಹೇಗೂ ಇತ್ತು. ಡೇನಿಷ್, ನಾರ್ವೇಜಿಯನ್, ಐಸ್ಲ್ಯಾಂಡಿಕ್, ಜರ್ಮನ್, ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್ ಕಲಿತರು. ಹಾರ್ವರ್ಡಿನಲ್ಲೇ ಜರ್ಮನ್ ಮತ್ತು ಸ್ಕ್ಯಾಂಡಿನೇವಿಯಾದ ಭಾಷೆಗಳಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದರು. ಭಾಷೆ ಕಲಿಸುವ ಮೇಷ್ಟ್ರಾಗುವುದು ಅಂತ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡೂ ಇದ್ದರು.

ಆ ಲೆಕ್ಕವನ್ನು ತಪ್ಪಿಸಿದವರು ಆರ್ಥರ್ ಫೀಡ್ಲರ್.

ಫೀಡ್ಲರ್ ಅಂದರೆ ಬಾಸ್ಟನ್ ಪಾಪ್ಸ್. ಇದರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಈ ಸಂಸ್ಥೆ ಇಲ್ಲದಿದ್ದರೆ ಆಂಡರ್ಸನ್ ಅವರೂ ಇರುತ್ತಿರಲಿಲ್ಲ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಚಳಿಗಾಲವಿಡೀ ಬೀಥೋವನ್, ಬ್ರಾಮ್ಸ್ ನುಡಿಸಿ, ಅದರ ಋತು ಮುಗಿದ ಮೇಲೆ ಹೆಚ್ಚೂಕಡಿಮೆ ಅದೇ ವಾದಕರು ಹಗುರವಾದ ಕಾರ್ಯಕ್ರಮ ಕೊಡುವ ಪದ್ಧತಿ 1885ರಿಂದಲೇ ಇತ್ತು. ಸಭಾಂಗಣದಲ್ಲಿ ಸಾಲು ಕುರ್ಚಿಗಳ ಬದಲು ಮೇಜುಗಳು. ಜನ ಕುಡಿಯುತ್ತಾ, ತಿನ್ನುತ್ತಾ ಕೇಳುತ್ತಾರೆ. 1930ರಲ್ಲಿ ಫೀಡ್ಲರ್ ಇದರ ಚುಕ್ಕಾಣಿ ಹಿಡಿದವರು ಸಾಯುವವರೆಗೆ, ಅಂದರೆ 1979ರವರೆಗೆ ಬಿಡಲಿಲ್ಲ. ದೇಶದ ಅತ್ಯುತ್ತಮ ವಾದಕರು ವೇದಿಕೆಯ ಮೇಲೆ, ಊಟದ ಮೇಜಿನ ಮುಂದೆ ಸಾಮಾನ್ಯ ಜನ. ಇಂಥ ಕಡೆ ಏನು ನುಡಿಸಬೇಕು? ವಾದಕರಿಗೆ ಬೇಸರ ಬರಬಾರದು, ಮೇಜಿನವರಿಗೂ ಬೇಸರ ಬರಬಾರದು. ಇದು ಸುಲಭದ ಕೆಲಸ ಅಂತ ಯಾರೂ ಅಂದುಕೊಳ್ಳಬಾರದು.

1936ರಲ್ಲಿ ಆಂಡರ್ಸನ್ ಅವರು ಹಾರ್ವರ್ಡಿನ ವಿದ್ಯಾರ್ಥಿ ಹಾಡುಗಳನ್ನು ಆರ್ಕೆಸ್ಟ್ರಾಕ್ಕೆ ಒಗ್ಗಿಸಿ ಬರೆದಿದ್ದು ಪಾಪ್ಸ್ ವೇದಿಕೆಗೆ ಬಂತು. ಕೇಳಿದ ಫೀಡ್ಲರ್‌ಗೆ ಆ ಕೈಚಳಕ ಹಿಡಿಸಿತು. ಬೇರೆಯವರ ರಾಗ ಸಾಕು, ನಿಮ್ಮದೇ ಏನಾದರೂ ತನ್ನಿ ಅಂದರು. 1938ರಲ್ಲಿ ಅವರು ತಂದದ್ದು 'ಜಾಝ್ ಪಿಝಿಕಾಟೊ'. ತಂತಿವಾದ್ಯದವರು ಯಾರೂ ಕಮಾನು ಮುಟ್ಟುವಂತಿಲ್ಲ, ಎಲ್ಲವೂ ಬೆರಳಲ್ಲಿ ಮೀಟಿ ನುಡಿಸುವುದು, ಒಂದೂವರೆ ನಿಮಿಷದಲ್ಲಿ ಮುಗಿದೇಹೋಗುತ್ತದೆ. ರೆಕಾರ್ಡ್ ಮಾಡಲು ಹೊರಟಾಗ ಒಂದು ತೊಡಕು. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿ ತುಂಬಲು ಇದು ಸಾಲದು. ಇದಕ್ಕೊಂದು ಜೊತೆ ಬರೆಯಿರಿ ಅಂತ ಫೀಡ್ಲರ್ ಹೇಳಿದರು. ಹುಟ್ಟಿತು 'ಜಾಝ್ ಲೆಗಾಟೊ', ಇದರಲ್ಲಿ ಕಮಾನಿನ ಉದ್ದುದ್ದ ಎಳೆತ. ಒಂದರಲ್ಲಿ ಕಮಾನೇ ಇಲ್ಲ, ಇನ್ನೊಂದರಲ್ಲಿ ಕಮಾನಿನದೇ ಆಟ. ತಟ್ಟೆಯ ಅಳತೆ ಹಾಕಿದ ಕಟ್ಟನ್ನೇ ಅವರು ಒಂದು ಕಲ್ಪನೆ ಮಾಡಿಕೊಂಡರು.

ಇಷ್ಟರಲ್ಲಿ ಯುದ್ಧ ಬಂತು. 1942ರಲ್ಲಿ ಸೇನೆ ಸೇರಿದರು. ಅದೇ ವರ್ಷ ಎಲಿನೋರ್ ಅವರ ಜೊತೆ ಮದುವೆ. ಭಾಷೆ ಬಲ್ಲವರನ್ನು ಸೇನೆ ಬ್ಯಾಂಡಿಗೆ ಹಾಕಲಿಲ್ಲ, ಐಸ್ಲ್ಯಾಂಡಿಗೆ ಕಳಿಸಿತು, ಅನುವಾದಕನಾಗಿ, ದುಭಾಷಿಯಾಗಿ. ಅಲ್ಲಿ ಕೂತು ಸೈನಿಕರಿಗಾಗಿ ಐಸ್ಲ್ಯಾಂಡಿಕ್ ವ್ಯಾಕರಣವನ್ನೇ ಬರೆದುಕೊಟ್ಟರು. 1945ರ ಹೊತ್ತಿಗೆ ಪೆಂಟಗನ್‌ನಲ್ಲಿ ಸೇನಾ ಗುಪ್ತಚರ ವಿಭಾಗದ ಸ್ಕ್ಯಾಂಡಿನೇವಿಯಾ ಮೇಜಿನ ಮುಖ್ಯಸ್ಥರು. ಆ ಕೆಲಸದಲ್ಲಿದ್ದಾಗಲೇ ಬರೆದದ್ದು 'ದಿ ಸಿಂಕೊಪೇಟೆಡ್ ಕ್ಲಾಕ್'.

ಇದರ ಹುಟ್ಟು ನನಗೆ ತುಂಬಾ ಇಷ್ಟ. ಗಡಿಯಾರದ ಮೇಲೆ ಎಷ್ಟೋ ಜನ ಸಂಗೀತ ಬರೆದಿದ್ದಾರೆ. ಎಲ್ಲದರಲ್ಲೂ ಗಡಿಯಾರ ಸರಿಯಾಗಿಯೇ ನಡೆಯುತ್ತದೆ. ಹಾಗಾದರೆ ಲಯ ತಪ್ಪುವ ಗಡಿಯಾರದ ಬಗ್ಗೆ ಯಾಕೆ ಬರೆಯಬಾರದು, ಅಂತ ಅವರಿಗೆ ಹೊಳೆಯಿತು. ಹೆಸರು ಮೊದಲು ಬಂತು, ರಾಗ ಆಮೇಲೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ ನೋಡಿ. ಮರದ ತಾಳವಾದ್ಯದ ಮೇಲೆ ಟಿಕ್ ಟಿಕ್ ಟಿಕ್ ಟಿಕ್ ಅಂತ ಶಿಸ್ತಾಗಿ ಬರುತ್ತಿದ್ದ ಪೆಟ್ಟು ಇದ್ದಕ್ಕಿದ್ದಂತೆ ಅರ್ಧ ಎಣಿಕೆ ಆಚೆ ಬೀಳುತ್ತದೆ, ನಿಮ್ಮ ಕೈ ಒಂದು ಕ್ಷಣ ತಡವರಿಸುತ್ತದೆ, ಅಷ್ಟರಲ್ಲಿ ಗಡಿಯಾರ ಏನೂ ಆಗಿಲ್ಲವೆಂಬಂತೆ ಮತ್ತೆ ಸರಿಹೋಗಿರುತ್ತದೆ. ನಮ್ಮಲ್ಲಿ ಮೃದಂಗ ಕೇಳಿ ಪಳಗಿದವರಿಗೆ ಈ ಆಟ ಥಟ್ಟನೆ ಹಿಡಿಯುತ್ತದೆ. 1951ರಲ್ಲಿ ಸಿಬಿಎಸ್ ಟಿವಿಯವರು ತಡರಾತ್ರಿಯ ಸಿನಿಮಾ ಕಾರ್ಯಕ್ರಮಕ್ಕೆ ಇದನ್ನು ಶೀರ್ಷಿಕೆ ಸಂಗೀತವಾಗಿ ಹಾಕಿಕೊಂಡ ಮೇಲೆ ಇದು ಮನೆಮನೆಯ ರಾಗವಾಯಿತು.

ಯುದ್ಧ ಮುಗಿದಾಗ ಸ್ವೀಡನ್‌ನಲ್ಲಿ ಅಮೆರಿಕದ ಸೇನಾ ಪ್ರತಿನಿಧಿಯಾಗಿ ಹೋಗುವ ಅವಕಾಶ ಬಂದಿತ್ತು. ಅಪ್ಪ ಅಮ್ಮನ ದೇಶ, ಗಟ್ಟಿ ಸಂಬಳ, ಗೌರವ. ಬೇಡ ಅಂದರು. ಸಂಗೀತ ಬರೆಯುತ್ತೇನೆ ಅಂದರು. ಮೂವತ್ತೇಳು ಮೂವತ್ತೆಂಟರ ವಯಸ್ಸಿನಲ್ಲಿ, ಹೆಂಡತಿ ಮಕ್ಕಳಿರುವಾಗ, ಅಲ್ಲಿವರೆಗೆ ಭಾಷೆಯಲ್ಲಿ ಗಳಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟು. ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಅಂತ ನನ್ನ ಎಣಿಕೆ.

1946ರ ಬೇಸಿಗೆ. ಕನೆಕ್ಟಿಕಟ್‌ನ ವುಡ್‌ಬರಿ ಊರಿನಲ್ಲಿ ಮಳೆ ಇಲ್ಲ, ಬಿಸಿಲು ಸುಡುತ್ತಿದೆ. ಹಳೆಯ ಬುಗ್ಗೆಯಿಂದ ನೀರು ತರುತ್ತಿದ್ದ ಪೈಪು ಎಲ್ಲಿದೆ ಅಂತ ಹುಡುಕಿ ಆಂಡರ್ಸನ್ ಅವರು ನೆಲ ಅಗೆಯುತ್ತಿದ್ದಾರೆ. ಆ ಧಗೆಯಲ್ಲಿ ಅವರ ತಲೆಯಲ್ಲಿ ಶುರುವಾದದ್ದು ಹಿಮದ ಮೇಲೆ ಜಾರುವ ಕುದುರೆ ಬಂಡಿಯ ಸಂಗೀತ, 'ಸ್ಲೇ ರೈಡ್'. ಶುರುವಾದದ್ದು ಮಾತ್ರ. ಮುಗಿದದ್ದು 1948ರ ಫೆಬ್ರುವರಿಯಲ್ಲಿ. ಮೂರು ನಿಮಿಷ ಚಿಲ್ಲರೆ ಸಂಗೀತಕ್ಕೆ ಒಂದೂವರೆ ವರ್ಷ! ಅದೇ ವರ್ಷದ ಮೇ 4ರಂದು ಫೀಡ್ಲರ್ ಪಾಪ್ಸ್‌ನಲ್ಲಿ ನುಡಿಸಿದರು, 1949ರಲ್ಲಿ ರೆಕಾರ್ಡ್ ಮಾಡಿದರು.

ಒಂದೂವರೆ ವರ್ಷ ಎಲ್ಲಿ ಹೋಯಿತು ಅನ್ನುವುದು ಕೇಳಿದರೆ ಗೊತ್ತಾಗುತ್ತದೆ. ಕುದುರೆಯ ಗೊರಸಿಗೆ ಮರದ ತಾಳ, ಚಾಟಿಗೆ ಎರಡು ಹಲಗೆ ಪಟ್ಟನೆ ಹೊಡೆಯುವ ಸದ್ದು, ಉದ್ದಕ್ಕೂ ಗೆಜ್ಜೆ, ಕೊನೆಯಲ್ಲಿ ಟ್ರಂಪೆಟ್‌ನಲ್ಲಿ ಕುದುರೆಯ ಕೆನೆತ. ಇವು ಯಾರ ಕಿವಿಗೂ ಬೀಳುತ್ತವೆ. ಆದರೆ ನಡುವಿನ ಭಾಗ ಗಮನಿಸಿ. ರಾಗ ಇದ್ದಕ್ಕಿದ್ದಂತೆ ದೂರದ ಇನ್ನೊಂದು ಶ್ರುತಿಗೆ ಜಿಗಿಯುತ್ತದೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯುತ್ತದೆ, ಆಮೇಲೆ ಒಂದು ಚೂರೂ ಕುಲುಕಾಟವಿಲ್ಲದೆ ಮೊದಲಿನ ಶ್ರುತಿಗೆ ಬಂದು ಸೇರುತ್ತದೆ. ಕೊನೆಯ ಸುತ್ತಿನಲ್ಲಿ ಅದೇ ರಾಗ ಜಾಝ್ ನಡಿಗೆ ಹಿಡಿಯುತ್ತದೆ. ಕೇಳುವವರಿಗೆ ಇದ್ಯಾವುದೂ ಕಷ್ಟ ಅನ್ನಿಸುವುದಿಲ್ಲ. ಪಿಸ್ಟನ್ ಮೇಷ್ಟ್ರ ಪಾಠ ಇಲ್ಲಿ ಕೆಲಸ ಮಾಡಿದೆ, ಆದರೆ ಪಾಠದ ಸದ್ದು ಎಲ್ಲೂ ಕೇಳಿಸುವುದಿಲ್ಲ.

1950ರಲ್ಲಿ ಮಿಚೆಲ್ ಪ್ಯಾರಿಷ್ ಇದಕ್ಕೆ ಸಾಹಿತ್ಯ ಬರೆದರು. ಈಗ ಡಿಸೆಂಬರ್ ಬಂದರೆ ಲೋಕದ ಎಲ್ಲ ಮಾಲ್‌ಗಳಲ್ಲೂ ಇದೇ, ನಮ್ಮ ಬೆಂಗಳೂರಿನ ಮಾಲ್‌ಗಳಲ್ಲೂ ಇದೇ. ತಮಾಷೆಯೆಂದರೆ ಮೂಲ ಹಾಡಿನಲ್ಲಿ ಕ್ರಿಸ್‌ಮಸ್ ಅನ್ನುವ ಪದವೇ ಇಲ್ಲ, ಅಲ್ಲಿರುವುದು ಒಬ್ಬ ರೈತನ ಮನೆಯ ಹುಟ್ಟುಹಬ್ಬ. ಆಮೇಲೆ ಕೆಲವು ಗಾಯಕರು ಅದನ್ನು ಕ್ರಿಸ್‌ಮಸ್ ಅಂತ ಬದಲಾಯಿಸಿಕೊಂಡು ಹಾಡಿದರು.

1947ರಿಂದ 1954ರವರೆಗಿನ ಏಳೆಂಟು ವರ್ಷ ಅವರ ಸುಗ್ಗಿ. 'ಫಿಡಲ್ ಫ್ಯಾಡಲ್', 'ಸೆರೆನಾಟಾ', 'ಎ ಟ್ರಂಪೆಟರ್ಸ್ ಲಲಬೈ', 'ದಿ ವಾಲ್ಟ್ಸಿಂಗ್ ಕ್ಯಾಟ್', 'ಬೆಲ್ ಆಫ್ ದಿ ಬಾಲ್', 'ಪ್ಲಿಂಕ್ ಪ್ಲ್ಯಾಂಕ್ ಪ್ಲಂಕ್', 'ಸ್ಯಾಂಡ್‌ಪೇಪರ್ ಬ್ಯಾಲೆ', 'ಬ್ಯೂಗ್ಲರ್ಸ್ ಹಾಲಿಡೇ'. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಆದರೆ ಇವೆಲ್ಲದರಲ್ಲೂ ಒಂದು ಗುಣ ಸಮಾನ. ಒಂದು ವಾದ್ಯವನ್ನು ಎಲ್ಲರೂ ಯಾವುದಕ್ಕೆ ಬಳಸುತ್ತಾರೋ ಅದನ್ನು ಬಿಟ್ಟು ಬೇರೆ ಮಾಡುವುದು. ಟ್ರಂಪೆಟ್ ಲಾಲಿಯ ಕಥೆ ಇದಕ್ಕೆ ಸಾಕ್ಷಿ. ಬಾಸ್ಟನ್‌ನ ಮುಖ್ಯ ಟ್ರಂಪೆಟ್ ವಾದಕ ರೋಜರ್ ವಾಯ್ಸಿನ್, ನಮಗೂ ಒಂದು ಒಂಟಿವಾದನ ಬರೆದುಕೊಡಬಾರದೇ ಅಂತ ಕೇಳಿದರಂತೆ. ಟ್ರಂಪೆಟ್ ಅಂದರೆ ಎಲ್ಲರಿಗೂ ಯುದ್ಧ, ಮೆರವಣಿಗೆ, ಜೋರು ಸದ್ದು. ಆಂಡರ್ಸನ್ ಅವರು ಬರೆದದ್ದು ಮಗು ಮಲಗಿಸುವ ಲಾಲಿ. ಕೆಳಗೆ ಆರ್ಕೆಸ್ಟ್ರಾ ತೊಟ್ಟಿಲು ತೂಗುತ್ತಿರುತ್ತದೆ, ಮೇಲೆ ಟ್ರಂಪೆಟ್, ಸೇನೆಯ ಕಹಳೆಯಾದ ಬ್ಯೂಗಲ್‌ಗೆ ಸಹಜವಾದ ಸ್ವರಗಳನ್ನೇ ಹಿಡಿದು ಮೆಲ್ಲಗೆ ಹಾಡುತ್ತಿರುತ್ತದೆ. 'ಫಿಡಲ್ ಫ್ಯಾಡಲ್' ತೆಗೆದುಕೊಳ್ಳಿ, ಪಿಟೀಲುಗಳು ಉಸಿರು ಬಿಡದೆ ಓಡುವ ತುಣುಕು. ಅದರ ಮೂಲ, ನಮ್ಮ ಕಾನ್ವೆಂಟ್ ಮಕ್ಕಳೂ ಹಾಡುವ ಮೂರು ಕುರುಡು ಇಲಿಗಳ ಶಿಶುಗೀತೆಯ ಮೊದಲ ಮೂರು ಸ್ವರ. ಬೆಕ್ಕಿನ ವಾಲ್ಟ್ಸ್‌ನಲ್ಲಿ ಪಿಟೀಲುಗಳೇ ಸ್ವರ ಜಾರಿಸಿ ಮಿಯಾಂವ್ ಅನ್ನುತ್ತವೆ, ಕೊನೆಗೆ ವಾದಕರಲ್ಲೊಬ್ಬರು ನಾಯಿಯ ಹಾಗೆ ಬೊಗಳುತ್ತಾರೆ, ಬೆಕ್ಕು ಓಟ ಕೀಳುತ್ತದೆ.

ಇನ್ನು 'ದಿ ಟೈಪ್‌ರೈಟರ್'. 1950ರ ಅಕ್ಟೋಬರ್‌ನಲ್ಲಿ ಬರೆದು ಮುಗಿಸಿದ್ದು, ಅವರದೇ ನಿರ್ದೇಶನದಲ್ಲಿ 1953ರಲ್ಲಿ ರೆಕಾರ್ಡ್ ಆದದ್ದು. ಇಲ್ಲಿ ಒಂಟಿವಾದಕ ಕೂರುವುದು ಟೈಪ್‌ರೈಟರ್ ಮುಂದೆಯೇ. ಕೀಲಿಗಳ ಟಪಟಪ, ಸಾಲು ಮುಗಿಯಿತು ಅನ್ನುವ ಗಂಟೆ, ಕ್ಯಾರೇಜನ್ನು ಹಿಂದಕ್ಕೆ ತಳ್ಳುವ ಸದ್ದು, ಮೂರನ್ನೂ ಅವರು ಸ್ವರಲಿಪಿಯಲ್ಲಿ ಸ್ವರದಷ್ಟೇ ಕರಾರುವಾಕ್ಕಾಗಿ ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರು ಇದನ್ನು ಕೇಳಬೇಕು. ಗಂಟೆಯಾದ ಮೇಲೆ ಕೈ ತಾನಾಗಿ ಲಿವರ್ ಕಡೆ ಹೋಗುತ್ತಿತ್ತಲ್ಲ, ಆ ಅಭ್ಯಾಸಕ್ಕೆ ಸರಿಯಾಗಿ ಸಂಗೀತದ ಸಾಲೂ ಮುಗಿಯುತ್ತದೆ. ಇದನ್ನು ನುಡಿಸುವವರು ಟೈಪಿಸ್ಟರು ಅಂತ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಆ ವೇಗಕ್ಕೆ ಬೆರಳು ಸಾಲದು, ಮಣಿಕಟ್ಟಿನ ಚಲನೆ ಬೇಕು, ಅದಕ್ಕೇ ಡ್ರಮ್ ನುಡಿಸುವವರನ್ನು ಕೂರಿಸುತ್ತಾರೆ ಅಂತ ಆಂಡರ್ಸನ್ ಅವರೇ ವಿವರಿಸಿದ್ದಾರೆ. ಅಷ್ಟು ಜೋರಾಗಿ ಕುಟ್ಟಿದರೆ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಹಾಗಾಗಿ ಎರಡೇ ಕೀಲಿ ಕೆಲಸ ಮಾಡುವಂತೆ ಯಂತ್ರವನ್ನು ಮೊದಲೇ ಸರಿಮಾಡಿಟ್ಟಿರುತ್ತಾರೆ. 1963ರ ಒಂದು ಸಿನಿಮಾದಲ್ಲಿ ಹಾಸ್ಯನಟ ಜೆರ್ರಿ ಲೂಯಿಸ್ ಇಲ್ಲದ ಟೈಪ್‌ರೈಟರನ್ನು ಗಾಳಿಯಲ್ಲೇ ಕುಟ್ಟುತ್ತಾ ಈ ಸಂಗೀತಕ್ಕೆ ಅಭಿನಯಿಸಿದ್ದು ತುಂಬಾ ಪ್ರಸಿದ್ಧ. ನೋಡಿ, ಚೆನ್ನಾಗಿದೆ. ಆದರೆ ಅದನ್ನು ನೋಡುವ ಮೊದಲು ಒಮ್ಮೆ ಕಣ್ಣು ಮುಚ್ಚಿ ಕೇಳಿ ಅನ್ನುವುದು ನನ್ನ ವಿನಂತಿ. ಟೈಪ್‌ರೈಟರ್ ಇಲ್ಲಿ ನಗಿಸಲು ಬಂದ ಸಾಮಾನಲ್ಲ, ಪಿಟೀಲುಗಳ ಜೊತೆ ಸರಿಸಮನಾಗಿ ಹೆಣೆದುಕೊಂಡ ವಾದ್ಯ. ಅದನ್ನು ತೆಗೆದುಬಿಟ್ಟರೆ ರಾಗದ ಒಂದು ಕಾಲು ಮುರಿದ ಹಾಗಾಗುತ್ತದೆ.

ಗೆಲುವು ದೊಡ್ಡದಾಗಿಯೇ ಬಂತು. 'ಬ್ಲೂ ಟ್ಯಾಂಗೋ' 1952ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು, ಹತ್ತು ಲಕ್ಷಕ್ಕೂ ಜಾಸ್ತಿ ತಟ್ಟೆ ಮಾರಾಟವಾಯಿತು. ಹಾಡುವವರಿಲ್ಲ, ಪದಗಳಿಲ್ಲ, ಬರೀ ಆರ್ಕೆಸ್ಟ್ರಾ! ಅದೇ ಸಮಯದಲ್ಲಿ ಕೊರಿಯಾ ಯುದ್ಧಕ್ಕಾಗಿ ಸೇನೆ ಅವರನ್ನು ಮತ್ತೆ ಕರೆಸಿಕೊಂಡಿತ್ತು ಅನ್ನುವುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಜನಪ್ರಿಯ ರಾಗ ಕಟ್ಟುವ ಎಷ್ಟೋ ಮಂದಿ ರಾಗ ಮಾತ್ರ ಕೊಡುತ್ತಾರೆ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಬರೆಯುವವರು ಬೇರೆ ಇರುತ್ತಾರೆ. ಸಿನಿಮಾ ಸಂಗೀತದಲ್ಲಿ ಅರೇಂಜರ್ ಅಂತ ಕರೆಯುತ್ತೇವಲ್ಲ, ಅವರು. ಆಂಡರ್ಸನ್ ಅವರು ಮೊದಲಿನಿಂದ ಕೊನೆಯ ಗೆಜ್ಜೆಯ ಪೆಟ್ಟಿನವರೆಗೆ ಎಲ್ಲವನ್ನೂ ತಾವೇ ಬರೆಯುತ್ತಿದ್ದರು, ಅದೂ ಪೂರ್ಣ ಸಿಂಫನಿ ಆರ್ಕೆಸ್ಟ್ರಾಕ್ಕೆ. ಆಮೇಲೆ ಬ್ಯಾಂಡಿಗೂ ತಾವೇ ಒಗ್ಗಿಸಿಕೊಡುತ್ತಿದ್ದರು. ಶಾಲಾ ಬ್ಯಾಂಡಿನ ಮೂರನೇ ಕ್ಲಾರಿನೆಟ್ ಹಿಡಿದ ಮಗುವಿಗೂ ಅಲ್ಲಲ್ಲಿ ಒಂದು ಚಂದದ ಸಾಲು ಸಿಗಬೇಕು, ಮೂಲೆಯಲ್ಲಿ ಕೂತ ವಾದಕನೂ ಸುಮ್ನೆ ಲೆಕ್ಕಕ್ಕೆ ಕೂತ ಹಾಗೆ ಆಗಬಾರದು. ಈ ಕಾಳಜಿ ಅವರ ಲಿಪಿಯಲ್ಲಿ ಎದ್ದು ಕಾಣುತ್ತದೆ. ಡಬಲ್ ಬೇಸ್ ಹಿಡಿದು ಹಿಂದಿನ ಸಾಲಿನಲ್ಲಿ ನಿಂತು ನುಡಿಸಿದವರಿಗೆ ಆ ನೋವು ಗೊತ್ತಿರುತ್ತದೆ, ಅಲ್ವಾ?

ಅವರಿಗೂ ದೊಡ್ಡ ಗಾತ್ರದ ಆಸೆ ಇರಲಿಲ್ಲವೆಂದಲ್ಲ. 1953ರಲ್ಲಿ ಸಿ ಮೇಜರ್‌ನಲ್ಲಿ ಒಂದು ಪಿಯಾನೋ ಕಂಚೆರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆಗೆ ಪಿಯಾನೋ ಮುಂದೆ ನಿಲ್ಲುವ ದೀರ್ಘ ಕೃತಿ, ಬರೆದರು. ಶಿಕಾಗೋದ ಗ್ರಾಂಟ್ ಪಾರ್ಕ್‌ನಲ್ಲಿ ಯೂಜೀನ್ ಲಿಸ್ಟ್ ಪಿಯಾನೋ ನುಡಿಸಿದರು, ಆಂಡರ್ಸನ್ ಅವರೇ ಆರ್ಕೆಸ್ಟ್ರಾ ನಡೆಸಿದರು. ವಿಮರ್ಶಕರಲ್ಲಿ ಮೆಚ್ಚಿದವರೂ ಇದ್ದರು, ಮೂಗು ಮುರಿದವರೂ ಇದ್ದರು. ಅವರಿಗೇ ಅದರ ಕಟ್ಟೋಣ ಪೂರ್ತಿ ಸಮಾಧಾನ ಕೊಡಲಿಲ್ಲ. ತಿದ್ದುತ್ತೇನೆ ಅಂತ ಹಿಂದಕ್ಕೆ ತೆಗೆದುಕೊಂಡವರು ತಿದ್ದಲೇ ಇಲ್ಲ. ಹೆಸರು ಉತ್ತುಂಗದಲ್ಲಿದ್ದ ಕಾಲ, ಏನು ಕೊಟ್ಟರೂ ಪ್ರಕಟಿಸುವವರಿದ್ದರು. ಆದರೂ ಕೊಡಲಿಲ್ಲ. ನಾನು ಇದನ್ನು ಸೋಲು ಅಂತ ಓದುವುದಿಲ್ಲ. ಆದರೆ ಅವರ ಈ ನಿರ್ಧಾರ ನನಗೆ ಬೇಸರ ತರಿಸುತ್ತದೆ, ಯಾಕೆಂದರೆ ಆ ಕಂಚೆರ್ಟೊ ನಿಜಕ್ಕೂ ಚೆನ್ನಾಗಿದೆ. ಎರಡನೇ ಭಾಗದ ನಿಧಾನ ನಡೆಯಲ್ಲಿ ಬೇರೆಲ್ಲೂ ಕಾಣದ ಒಂದು ಏಕಾಂತ ಇದೆ. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಎಂಬತ್ತರ ದಶಕದ ಕೊನೆಯಲ್ಲಿ, ಮನೆಯವರು ಅದನ್ನು ಹೊರಗೆ ತಂದರು. ಈಗ ಹಲವರು ರೆಕಾರ್ಡ್ ಮಾಡಿದ್ದಾರೆ.

1958ರಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಗೂ ಕಾಲಿಟ್ಟರು. 'ಗೋಲ್ಡಿಲಾಕ್ಸ್' ಅನ್ನುವ ಸಂಗೀತ ನಾಟಕ, ಮೂಕಿ ಸಿನಿಮಾ ಕಾಲದ ಕಥೆ. ನಟರಿಗೆ ಎರಡು ಟೋನಿ ಪ್ರಶಸ್ತಿ ಬಂತು, ಆದರೆ 161 ಪ್ರದರ್ಶನಕ್ಕೆ ತೆರೆ ಬಿತ್ತು. ಆಮೇಲೆ ಅವರು ಬರೆಯುವುದೇ ಕಡಿಮೆಯಾಯಿತು. 1962ರಲ್ಲಿ 'ಕ್ಲಾರಿನೆಟ್ ಕ್ಯಾಂಡಿ', 'ಹೋಮ್ ಸ್ಟ್ರೆಚ್' ಮುಂತಾದ ಒಂದು ಗೊಂಚಲು, 1970ರ ಹೊತ್ತಿಗೆ ಇನ್ನೊಂದೆರಡು. ರೇಡಿಯೋದಲ್ಲಿ ರಾಕ್ ತುಂಬಿಕೊಂಡಿತ್ತು, ಆರ್ಕೆಸ್ಟ್ರಾದ ತುಣುಕೊಂದು ಪಟ್ಟಿಯ ತುದಿಗೇರುವ ಕಾಲ ಮುಗಿದಿತ್ತು. ಅವರು ವುಡ್‌ಬರಿಯಲ್ಲೇ ಉಳಿದರು, ನಾಲ್ಕು ಮಕ್ಕಳನ್ನು ಬೆಳೆಸಿದರು, ಬೇರೆ ಬೇರೆ ಊರಿನ ಆರ್ಕೆಸ್ಟ್ರಾಗಳು ಕರೆದಾಗ ಹೋಗಿ ತಮ್ಮ ಸಂಗೀತ ನಡೆಸಿಕೊಟ್ಟು ಬಂದರು. 1975ರ ಮೇ 18ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅಲ್ಲೇ ತೀರಿಕೊಂಡರು. ವಯಸ್ಸು 66. ಹಾಲಿವುಡ್‌ನ ವಾಕ್ ಆಫ್ ಫೇಮ್‌ನಲ್ಲಿ ಅವರ ನಕ್ಷತ್ರ ಕೂತದ್ದು ಮರುವರ್ಷ. ಹಾರ್ವರ್ಡ್ ಬ್ಯಾಂಡಿನ ಕಟ್ಟಡಕ್ಕೆ ಈಗ ಅವರದೇ ಹೆಸರು.

ಕೇಳಬೇಕು ಅನ್ನಿಸಿದವರಿಗೆ ಒಂದು ಮಾತು. ಐವತ್ತರ ದಶಕದಲ್ಲಿ ನ್ಯೂಯಾರ್ಕಿನ ವಾದಕರನ್ನು ಕಟ್ಟಿಕೊಂಡು ಡೆಕ್ಕಾ ಕಂಪನಿಗೆ ಅವರೇ ನಡೆಸಿದ ರೆಕಾರ್ಡಿಂಗ್‌ಗಳು ಈಗ ಸುಲಭವಾಗಿ ಸಿಗುತ್ತವೆ, ಅಲ್ಲಿಂದ ಶುರು ಮಾಡಿ. ಬೇರೆಯವರು ನುಡಿಸುವಾಗ ತಮಾಷೆಯ ಕಡೆ ತುಸು ಜಾಸ್ತಿ ಒತ್ತುತ್ತಾರೆ, ಚಾಟಿ ಜೋರು, ಬೊಗಳು ಜೋರು. ಆಂಡರ್ಸನ್ ಅವರು ಹಾಗೆ ಮಾಡುವುದಿಲ್ಲ, ಲಯ ನೇರ, ಎಲ್ಲೂ ಎಳೆದಾಟ ಇಲ್ಲ. ಮೊದಲು 'ಬ್ಯೂಗ್ಲರ್ಸ್ ಹಾಲಿಡೇ' ಹಾಕಿ, ಮೂರು ಟ್ರಂಪೆಟ್‌ಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದನ್ನು ಕೇಳಿ. ಆಮೇಲೆ ಅದೇ 1954ರಲ್ಲಿ ಬರೆದ 'ಫರ್ಗಾಟನ್ ಡ್ರೀಮ್ಸ್' ಹಾಕಿ. ಅದರಲ್ಲಿ ಯಂತ್ರವೂ ಇಲ್ಲ, ಪ್ರಾಣಿಯೂ ಇಲ್ಲ, ಮುಖ್ಯವಾಗಿ ಒಂದು ಪಿಯಾನೋ ಮತ್ತು ತಂತಿಗಳು. ಅದು ಹಿಡಿಸಿದರೆ ಕಂಚೆರ್ಟೊಗೆ ಹೋಗಿ.